ಆಡದೇ ಇರುವವರ ಪರವಾಗಿ

ಮೇಜಿನ ಸುತ್ತ ಕೂತು ಆಡುವ ಟೇಬಲ್‌ಟಾಪ್ ಆಟಗಳ ಬಗ್ಗೆ ಮಾತಾಡುವ ಯಾವ ಗುಂಪಿಗೆ ಸೇರಿದರೂ ಸ್ವಲ್ಪ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ನೀವು ಆಡ್ತೀರಾ?" ಕೇಳುವುದರಲ್ಲಿ ತಪ್ಪೇನಿಲ್ಲ. "ಇಲ್ಲ, ಸುಮ್ನೆ ಓದ್ತೀನಿ, ವಿಡಿಯೋ ನೋಡ್ತೀನಿ" ಅಂದ ಮೇಲೆ ಏನಾಗುತ್ತದೆ ಅನ್ನುವುದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ಕೆಲವು ಕಡೆ ಮಾತು ಹಾಗೇ ಮುಂದೆ ಹೋಗುತ್ತದೆ. ಹೆಚ್ಚಿನ ಕಡೆ ಧಾಟಿ ಬದಲಾಗುತ್ತದೆ. ಅಲ್ಲಿಯವರೆಗೆ ಸರಿಸಮವಾಗಿ ಮಾತಾಡುತ್ತಿದ್ದವರು ಪಾಠ ಹೇಳಲು ಶುರು ಮಾಡುತ್ತಾರೆ. ಇಲ್ಲವೇ ಪರೀಕ್ಷೆ ಇಡುತ್ತಾರೆ. "ಹಾಗಾದ್ರೆ ಥ್ಯಾಕೋ ಅಂದ್ರೇನು ಹೇಳಿ ನೋಡೋಣ." ಥ್ಯಾಕೋ ಅನ್ನುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಹೊಡೆತ ತಾಗಿತೋ ಇಲ್ಲವೋ ಅಂತ ಲೆಕ್ಕ ಹಾಕುವ ಹಳೇ ಪದ್ಧತಿ, 2000ದಲ್ಲಿ ಮೂರನೇ ಎಡಿಷನ್ ಬಂದಾಗಲೇ ಅದನ್ನು ಕೈಬಿಟ್ಟರು. ಆಮೇಲೆ ಹುಟ್ಟಿದ ಹುಡುಗಿಯ ಹತ್ತಿರ ಅದನ್ನು ಕೇಳಿ, ಅವಳು ಗೊತ್ತಿಲ್ಲ ಅಂದ ಕೂಡಲೇ "ನೋಡಿದ್ರಾ" ಅನ್ನುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೋಡಿದಾಗೆಲ್ಲ ಸಿಟ್ಟು ಬಂದಿದೆ.

ಈ ಆಟಗಳ ಪರಿಚಯ ಇಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಮೆರಿಕದಲ್ಲಿ 1974ರಲ್ಲಿ ಬಂತು. ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಅವರನ್ನು ಡಂಜನ್ ಮಾಸ್ಟರ್ ಅನ್ನುತ್ತಾರೆ. ಉಳಿದವರು ಒಂದೊಂದು ಪಾತ್ರ. "ನಾನು ಆ ಬಾಗಿಲು ತಳ್ಳಿ ನೋಡ್ತೀನಿ" ಅನ್ನುತ್ತೀರಿ, ಇಪ್ಪತ್ತು ಮುಖದ ದಾಳ ಹಾಕುತ್ತೀರಿ, ಬಾಗಿಲು ತೆಗೆಯಿತೋ ಇಲ್ಲವೋ ಅದು ಹೇಳುತ್ತದೆ. ಇದರ ಅಕ್ಕಪಕ್ಕದಲ್ಲಿ ಬೋರ್ಡ್ ಗೇಮ್‌ಗಳಿವೆ. ವಾರ್‌ಹ್ಯಾಮರ್ ತರದ, ಪುಟ್ಟ ಗೊಂಬೆಗಳ ಸೈನ್ಯ ಕಟ್ಟುವ ಆಟಗಳಿವೆ. ಎಲ್ಲ ಸೇರಿ ಟೇಬಲ್‌ಟಾಪ್ ಅನ್ನುವ ಒಂದು ಲೋಕ.

ಈ ಲೋಕದಲ್ಲಿ ಆಡದೇ ಇರುವವರು ತುಂಬಾ ಜನ ಇದ್ದಾರೆ. ರಾತ್ರಿ ಮಲಗುವ ಮುಂಚೆ ರೂಲ್‌ಬುಕ್ ಓದುವವರು. ಗೊಂಬೆಗೆ ಬಣ್ಣ ಹಚ್ಚಿ ಗಾಜಿನ ಬೀರುವಿನಲ್ಲಿ ಜೋಡಿಸಿ, ಒಂದು ಸಲವೂ ಯುದ್ಧಕ್ಕೆ ಇಳಿಸದವರು. 2015ರಲ್ಲಿ ಶುರುವಾದ ಕ್ರಿಟಿಕಲ್ ರೋಲ್ ಅನ್ನುವ ಕಾರ್ಯಕ್ರಮದಲ್ಲಿ ಬೇರೆಯವರು ಆಡುವುದನ್ನು ಗಂಟೆಗಟ್ಟಲೆ ನೋಡಿ, ಆ ಪಾತ್ರಗಳು ಸತ್ತಾಗ ಅತ್ತವರು. ವಾರ್‌ಹ್ಯಾಮರ್ 40,000ದ ಕಾದಂಬರಿಗಳನ್ನು ಮಾತ್ರ ಓದಿ ಆ ಲೋಕದ ಇತಿಹಾಸ ಪೂರ್ತಿ ಬಾಯಿಪಾಠ ಇರುವವರು. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಅನ್ನುವ ಕಂಪ್ಯೂಟರ್ ಗೇಮ್ ಆಡಿ, ಇದರ ಮೂಲ ಏನು ಅಂತ ಹುಡುಕಿಕೊಂಡು ಬಂದವರು. ಇವರೆಲ್ಲ ಅಭಿಮಾನಿಗಳಲ್ಲ ಅಂದರೆ ಮತ್ಯಾರು?

ಯಾಕೆ ಆಡುವುದಿಲ್ಲ ಅಂತ ಕೇಳಿದರೆ ಹೆಚ್ಚಿನ ಉತ್ತರಗಳು ತೀರಾ ಸಾಮಾನ್ಯ. ಜನ ಸಿಗುವುದಿಲ್ಲ. ಐದು ಜನಕ್ಕೆ ಒಂದೇ ದಿನ, ಒಂದೇ ಹೊತ್ತಿಗೆ ಮೂರು ನಾಲ್ಕು ಗಂಟೆ ಬಿಡುವು ಸಿಗಬೇಕು, ಅದೂ ವಾರ ವಾರ. ಮದುವೆ ಸೀಸನ್ನು, ಪರೀಕ್ಷೆ, ಶಿಫ್ಟು, ಊರ ಹಬ್ಬ, ಯಾರದೋ ಮನೆಯಲ್ಲಿ ಹುಷಾರಿಲ್ಲ. ಬೆಂಗಳೂರಿನಲ್ಲಿ ಬೋರ್ಡ್ ಗೇಮ್ ಕೆಫೆಗೆ ಹೋಗಿ ಅಪರಿಚಿತರ ಜೊತೆ ಕೂರಬಹುದು. ಮೈಸೂರಲ್ಲಿ ಅಂಥ ಜಾಗ ಕಮ್ಮಿ, ಮಂಡ್ಯದಲ್ಲಿ ಯಾರದೋ ಮನೆಯೇ ಗತಿ. ಯಾರದೋ ಮನೆ ಅಂದ ಕೂಡಲೇ ಹೆಣ್ಣುಮಕ್ಕಳಿಗೆ ಇನ್ನೊಂದು ಸುತ್ತು ಪ್ರಶ್ನೆಗಳು ಶುರು. ಯಾರ ಮನೆ, ಯಾರ್ಯಾರು ಬರ್ತಾರೆ, ರಾತ್ರಿ ಒಂಬತ್ತಕ್ಕೆ ಮುಗಿದರೆ ಹೇಗೆ ವಾಪಸ್ ಬರ್ತೀಯ. ಮಂಡ್ಯಕ್ಕೆ ಬಸ್ಸಿದೆ ಸರಿ, ಮಂಡ್ಯದಿಂದ ಒಳಗಿನ ಹಳ್ಳಿಗೆ ಆ ಹೊತ್ತಲ್ಲಿ ಏನಿದೆ? ದುಡ್ಡಿನ ಮಾತು ಬೇರೆ. ಮೂರು ಮುಖ್ಯ ಪುಸ್ತಕ, ಒಂದೊಂದಕ್ಕೂ ಸಾವಿರಗಟ್ಟಲೆ ರೂಪಾಯಿ. ವಾರ್‌ಹ್ಯಾಮರ್ ಸೈನ್ಯ ಕಟ್ಟಲು ಹೋದರಂತೂ ಒಂದು ಟೀವಿಯ ದುಡ್ಡು ಹೋಗುತ್ತದೆ.

ಇನ್ನು ಭಾಷೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನನ್ನ ಪ್ರಕಾರ ನಮ್ಮ ಕಡೆ ಇದೇ ದೊಡ್ಡ ಅಡ್ಡಿ. ಪುಸ್ತಕ ಇಂಗ್ಲಿಷಿನಲ್ಲಿದೆ, ಓದಬಹುದು, ನಿಧಾನಕ್ಕೆ ಓದಿದರೆ ಅರ್ಥವಾಗುತ್ತದೆ. ಮೇಜಿನ ಮುಂದೆ ಕೂತು, ಎಲ್ಲರೂ ನೋಡುತ್ತಿರುವಾಗ, ಒಂದು ಪಾತ್ರವಾಗಿ, ಥಟ್ಟನೆ ಇಂಗ್ಲಿಷಿನಲ್ಲಿ ಮಾತಾಡಬೇಕು ಅಂದರೆ ಎಷ್ಟೋ ಜನರಿಗೆ ಬಾಯಿ ಕಟ್ಟಿಹೋಗುತ್ತದೆ. ಕನ್ನಡದಲ್ಲೇ ಆಡಬಹುದಲ್ವಾ ಅಂದರೆ, ಆಡಬಹುದು, ನಾವು ಹಾಗೇ ಆಡುತ್ತೇವೆ, ಬಹಳ ಚೆನ್ನಾಗಿರುತ್ತದೆ. ಆದರೆ ಹಾಗೆ ಆಡಬಹುದು ಅಂತ ಅವರಿಗೆ ಹೇಳಿದವರು ಯಾರು?

ನನ್ನ ಒಬ್ಬ ಗೆಳತಿಯ ವಿಷಯ ಹೇಳುತ್ತೇನೆ. ಮಂಡ್ಯ ಜಿಲ್ಲೆಯವಳು, ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾಳೆ. ಆಟ ಆಡಿದವಳಲ್ಲ. ಅವಳ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ, ಕೆಂಪು ರಟ್ಟಿನದು, ಅಂಗಡಿಗಳಲ್ಲಿ ಸಾಲ ಬರೆಯಲು ಇಟ್ಟುಕೊಳ್ಳುತ್ತಾರಲ್ಲ ಅಂಥದ್ದು. ಅದರ ತುಂಬಾ ಪಾತ್ರಗಳು. ನಾಲ್ಕು ದಾಳ ಹಾಕಿ, ಚಿಕ್ಕದನ್ನು ಬಿಟ್ಟು ಉಳಿದ ಮೂರನ್ನು ಕೂಡಿ, ಶಕ್ತಿ ಇಷ್ಟು, ಚುರುಕು ಇಷ್ಟು, ಬುದ್ಧಿ ಇಷ್ಟು ಅಂತ ಎಡಗಡೆ ಅಂಕಿ, ಬಲಗಡೆ ಆ ಮನುಷ್ಯನ ಕಥೆ. ಅವಳು ಕಟ್ಟಿದ ಲೋಕ ಒಂದು ನಾಲೆಯ ಉದ್ದಕ್ಕೂ ಇದೆ. ಮೇಲಿನ ಊರುಗಳಲ್ಲಿ ಎರಡು ಬೆಳೆ, ಕೊನೇ ಭಾಗದ ಊರುಗಳಲ್ಲಿ ನೀರು ಬಂದರೆ ಬಂತು. ನಾಲೆಯ ಒಂದೊಂದು ತೂಬಿಗೂ ಒಂದೊಂದು ಕಾವಲು ದೈವ. ತೂಬು ತೆಗೆಯಬೇಕಾದರೆ ಊರಿನ ಯಾರಾದರೂ ತಮ್ಮ ಒಂದು ನೆನಪನ್ನು ಆ ದೈವಕ್ಕೆ ಕೊಡಬೇಕು. ಅವಳ ಮುಖ್ಯ ಪಾತ್ರ ಒಬ್ಬ ನೀರುಗಂಟಿ, ಅಂದರೆ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವವನು. ವಯಸ್ಸಾದವನು. ಊರಿಗಾಗಿ ಕೊಟ್ಟು ಕೊಟ್ಟು ಹೆಂಡತಿಯ ಮುಖ ಮರೆತಿದ್ದಾನೆ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬೆಳೆದವರಿಗೆ ಮಾತ್ರ ಹೊಳೆಯುವಂಥ ಕಲ್ಪನೆ ಅದು. ಅಂಥದ್ದನ್ನು ಬೇರೆ ಕಡೆ ನಾನು ಓದಿಲ್ಲ.

ಅವಳು ಒಂದು ಗುಂಪಿಗೆ ಸೇರಿ ಒಂದು ಪ್ರಶ್ನೆ ಕೇಳಿದಳು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಎಡಿಷನ್‌ನಲ್ಲಿ ಕಂಟ್ರೋಲ್ ವಾಟರ್ ಅನ್ನುವ ಮಂತ್ರ ಇದೆ. ನೂರು ಅಡಿ ಉದ್ದ, ಅಗಲ, ಎತ್ತರದಷ್ಟು ಜಾಗದ ನೀರನ್ನು ಹತ್ತು ನಿಮಿಷದವರೆಗೆ ಆಳಬಹುದು. ಹರಿಯುವ ನೀರನ್ನು ಬೇಕಾದ ದಿಕ್ಕಿಗೆ ತಿರುಗಿಸಬಹುದು, ಗೋಡೆ ಹತ್ತಿಸಬಹುದು, ಅಡ್ಡ ಇರುವುದನ್ನು ದಾಟಿಸಬಹುದು. ಹಾಗಿದ್ದ ಮೇಲೆ ಮುಚ್ಚಿದ ತೂಬಿನ ಮೇಲೆ ಹಾಯಿಸಬಹುದಾ? ಹತ್ತು ನಿಮಿಷದ ನೀರು ಎಷ್ಟು ಗದ್ದೆಗೆ ಸಾಕು? ಮಂತ್ರ ಬಲ್ಲವನೊಬ್ಬ ಇದ್ದರೆ ನನ್ನ ಲೋಕದ ತೂಬಿನ ದೈವಕ್ಕೆ ಬೆಲೆಯೇ ಇರುವುದಿಲ್ಲವಲ್ಲ, ಏನು ಮಾಡಲಿ? ಎಷ್ಟು ಒಳ್ಳೆಯ ಪ್ರಶ್ನೆ! ನಿಯಮ, ಲೋಕ, ಬೇಸಾಯ ಮೂರೂ ಒಟ್ಟಿಗೆ ಇರುವ ಪ್ರಶ್ನೆ. ಬಂದ ಮೊದಲ ಉತ್ತರ, "ಇದು ಯಾವ ಕ್ಯಾಂಪೇನ್‌ಗೆ?" ಅಂದರೆ ವಾರ ವಾರ ಕೂತು ಮುಂದುವರಿಸುವ ಯಾವ ಆಟಕ್ಕೆ ಅಂತ. ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು, ಆಡ್ತಿಲ್ಲ, ಬರೀತಿದ್ದೀನಿ. "ಆಡದೇ ಇರೋರಿಗೆ ಯಾಕೆ ಈ ತಲೆನೋವು? ಮೊದಲು ಒಂದು ಟೇಬಲ್ ಹುಡುಕ್ಕೊಳ್ಳಿ ಮೇಡಂ." ಅದಕ್ಕೆ ಹತ್ತಾರು ನಗುವಿನ ಗುರುತು. ಮೂಲ ಪ್ರಶ್ನೆಗೆ ಒಬ್ಬರೂ ಉತ್ತರ ಕೊಡಲಿಲ್ಲ. ಅವಳು ಆವತ್ತೇ ಆ ಗುಂಪು ಬಿಟ್ಟಳು.

ಬಾಗಿಲಲ್ಲಿ ನಿಂತು ಟಿಕೆಟ್ ಕೇಳುವವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: ಆಟ ಇರುವುದೇ ಆಡುವುದಕ್ಕೆ. ಕೇಳಲು ಸರಿ ಅನ್ನಿಸುತ್ತದೆ. ಆಟಗಳ ಇತಿಹಾಸ ನೋಡಿದರೆ ಅದು ಅರ್ಧ ಸತ್ಯ. ಮೈಸೂರಿನವರಿಗೆ ಇದನ್ನು ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ ಆಟಗಳ ವಿಷಯದಲ್ಲಿ ಎಂಥ ಹುಚ್ಚು ಇದ್ದವರು ಅಂತ ಇಲ್ಲಿ ಅನೇಕರಿಗೆ ಗೊತ್ತು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೂ 1868ರಲ್ಲಿ ತೀರಿಕೊಳ್ಳುವವರೆಗೂ ಅವರು ಅರಮನೆಯನ್ನು ಕಲೆ, ಸಾಹಿತ್ಯ, ಆಟಗಳ ಜಾಗವಾಗಿ ಉಳಿಸಿಕೊಂಡರು. ಅವರ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಕೌತುಕನಿಧಿ ಅನ್ನುವ ಭಾಗ ಆಟಗಳಿಗೇ ಮೀಸಲು. ಜಗನ್ಮೋಹನ ಅರಮನೆಯ ಗೋಡೆಯ ಮೇಲೂ ಆಟದ ಹಾಸುಗಳನ್ನು ಬರೆಸಿದ್ದಾರೆ. ಅವರು ಮಾಡಿದ್ದರಲ್ಲಿ ನನಗೆ ಅತಿ ಇಷ್ಟವಾದದ್ದು ಕುದುರೆಯ ಓಟ. 12 ಅಡ್ಡ ಸಾಲು, 12 ಉದ್ದ ಸಾಲಿನ ಚೌಕ, ಒಟ್ಟು 144 ಮನೆ. ಚದುರಂಗದ ಕುದುರೆ ತನ್ನ ನಡೆಯಲ್ಲೇ ಪ್ರತಿ ಮನೆಯನ್ನೂ ಒಂದೇ ಒಂದು ಸಲ ಮುಟ್ಟಬೇಕು. ಮುಟ್ಟಿದ ಕ್ರಮದಲ್ಲಿ ಒಂದರಿಂದ 144ರವರೆಗೆ ಅಂಕಿ ಬರೆಯುತ್ತಾ ಹೋದರೆ ಯಾವ ಸಾಲನ್ನು ಕೂಡಿದರೂ, ಅಡ್ಡ ಆಗಲಿ ಉದ್ದ ಆಗಲಿ, 870. ಒಂದು ಕಾಗದ ತಗೊಂಡು ಬರೀ ಎಂಟು ಸಾಲಿನ ಮಾಮೂಲಿ ಚದುರಂಗದ ಹಲಗೆಯಲ್ಲಿ ಅಂಕಿಯ ಗೊಡವೆ ಇಲ್ಲದೆ ಕುದುರೆ ಓಡಿಸಿ ನೋಡಿ, ಇದು ಎಂಥ ಕೆಲಸ ಅಂತ ಗೊತ್ತಾಗುತ್ತದೆ.

ಅಲ್ಲಿ ಎದುರಾಳಿ ಇಲ್ಲ. ಗೆಲುವು ಸೋಲು ಇಲ್ಲ. ಚದುರಂಗದ ಹಲಗೆ, ಚದುರಂಗದ ಕಾಯಿ, ಚದುರಂಗದ ನಡೆ ಎಲ್ಲ ಇದೆ, ಚದುರಂಗದ ಆಟ ಮಾತ್ರ ಇಲ್ಲ. ಒಬ್ಬರೇ ಕೂತು ಆ ಆಟದ ಒಂದು ನಿಯಮದ ಆಳಕ್ಕೆ ಇಳಿದು ಹೋಗಿದ್ದಾರೆ. ನನ್ನ ಗೆಳತಿ ಕಂಟ್ರೋಲ್ ವಾಟರ್ ಹಿಡಿದುಕೊಂಡು ತೂಬಿನ ಮುಂದೆ ಕೂತದ್ದೂ ಇದೇ ಕೆಲಸ.

ಗಂಜೀಫಾ ತಗೊಳ್ಳಿ, ಕೈಯಲ್ಲಿ ಚಿತ್ರ ಬರೆದ ಹಳೇ ಕಾಲದ ಇಸ್ಪೀಟು. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12 ಎಲೆಯಂತೆ 120 ದುಂಡು ಎಲೆಗಳು. ಒಂದೊಂದು ಅವತಾರಕ್ಕೂ ರಾಜ, ಮಂತ್ರಿ, ಆಮೇಲೆ ಒಂದರಿಂದ ಹತ್ತು. ಮುಮ್ಮಡಿಯವರು ಇದಕ್ಕಿಂತ ಎಷ್ಟೋ ದೊಡ್ಡ ಕಟ್ಟುಗಳನ್ನೂ ರೂಪಿಸಿದ್ದರು. ಇವತ್ತು ಮೈಸೂರು ಶೈಲಿಯ ಗಂಜೀಫಾ ಉಳಿದಿದ್ದರೆ ಅದಕ್ಕೆ ಕಾರಣ ಅದನ್ನು ಬರೆಯುವ ಕಲಾವಿದರು, ಕೂಡಿಡುವವರು, ಅದರ ಬಗ್ಗೆ ಓದಿ ಬರೆಯುವವರು. ಕೂತು ಆಡುವವರು ಬೆರಳೆಣಿಕೆಯಷ್ಟು. ಇಲ್ಲಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾ ಕೌಶಲ್ಯ ಅಂತ ಹಳೆಯ ಮಣೆ ಆಟಗಳ ಪ್ರದರ್ಶನ ನಡೆಸುತ್ತಾ ಬಂದಿದ್ದಾರೆ. ಅಲ್ಲಿ ಚೌಕಾಬಾರದ ಹಾಸು, ಪಗಡೆ, ಅಳಿಗುಳಿ ಮಣೆ ನೋಡಿ ಮನೆಗೆ ಒಯ್ದವರು ಎಲ್ಲರೂ ಆಡುತ್ತಾರಾ? ಗೋಡೆಗೆ ನೇತುಹಾಕಿರುತ್ತಾರೆ. ನಾಳೆ ಆ ಮನೆಯ ಮಗು "ಇದೇನು" ಅಂತ ಕೇಳುತ್ತದೆ. ಆಟ ಉಳಿಯುವುದು ಹೀಗೂ ಉಂಟು. ಚೌಕಾಬಾರವನ್ನೇ ನೋಡಿ, ಜಗುಲಿ ಮೇಲೆ ನಾಲ್ಕು ಜನ ಆಡುತ್ತಿದ್ದರೆ ಸುತ್ತ ಆರು ಜನ ಕೂತು "ಹೊಡಿ ಆ ಕಾಯಿನ, ಬಿಡಬೇಡ, ಇನ್ನೊಂದು ಮನೆ ಹೋದ್ರೆ ಹಣ್ಣಾಗ್ಬಿಡುತ್ತೆ" ಅಂತ ಕೂಗುತ್ತಿರುತ್ತಾರೆ. ಕವಡೆ ಮುಟ್ಟದ ಆ ಆರು ಜನರನ್ನು ಯಾರೂ ಎಬ್ಬಿಸಿ ಕಳಿಸುವುದಿಲ್ಲ.

ಒಂಟಿಕೊಪ್ಪಲಿನ ಎಂಟನೇ ಕ್ರಾಸ್‌ನಲ್ಲಿ ಗಣೇಶೋತ್ಸವದ ಸಂಗೀತ ಕಚೇರಿಗಳಿಗೆ ಬರುವವರೂ ಹಾಗೇ. ಅವರಲ್ಲಿ ಹೆಚ್ಚಿನವರು ವೇದಿಕೆ ಹತ್ತಿ ಹಾಡಿದವರಲ್ಲ. ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿರುತ್ತಾರೆ, ಮೃದಂಗದವರ ತನಿ ಆವರ್ತನದಲ್ಲಿ ಲೆಕ್ಕ ತಪ್ಪಿದರೆ ಹುಬ್ಬು ಗಂಟಿಕ್ಕುತ್ತಾರೆ. ಅವರನ್ನು ರಸಿಕರು ಅಂತ ಕರೆದು ಮುಂದಿನ ಸಾಲಿನಲ್ಲಿ ಕೂರಿಸುವ ಊರು ನಮ್ಮದು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ವಿಷಯಕ್ಕೇ ಬಂದರೂ, ಮೊದಲಿನಿಂದಲೂ ಅದು ಓದುವವರ ಆಟ ಕೂಡ. 1974ರ ಮೊದಲ ಮುದ್ರಣ 1,000 ಪ್ರತಿ, ಒಂದು ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಕ. ಬೇರೊಂದು ಯುದ್ಧದ ಆಟದ ನಿಯಮ ಮೊದಲೇ ಗೊತ್ತಿದೆ ಅಂದುಕೊಂಡು ಬರೆದಿದ್ದರು, ಹಾಗಾಗಿ ಓದಿದರೆ ಪೂರ್ತಿ ತಿಳಿಯುತ್ತಿರಲಿಲ್ಲ. ಕೊಂಡವರು ಓದಿ ಓದಿ, ಊಹಿಸಿ, ತುಂಬಿಸಿಕೊಂಡರು. 1977ರಲ್ಲಿ ಬಂದ ಟ್ರಾವಲರ್ ಅನ್ನುವ ಬಾಹ್ಯಾಕಾಶದ ಆಟದಲ್ಲಿ ಪಾತ್ರ ಮಾಡುವುದೇ ಒಂದು ಕಥೆ. ದಾಳ ಹಾಕುತ್ತಾ ಅವನು ಸೇನೆಗೆ ಸೇರಿದ, ಬಡ್ತಿ ಬಂತು, ಗಾಯವಾಯಿತು ಅಂತ ಜೀವನ ಕಟ್ಟುತ್ತಾ ಹೋಗಬೇಕು. ದಾಳ ಕೈಕೊಟ್ಟರೆ ಆಟ ಶುರುವಾಗುವ ಮೊದಲೇ ಪಾತ್ರ ಸತ್ತುಹೋಗುತ್ತಿತ್ತು. ಒಬ್ಬರೇ ಕೂತು ರಾತ್ರಿಯಿಡೀ ಪಾತ್ರಗಳನ್ನೂ ನಕ್ಷತ್ರಗಳ ನಕ್ಷೆಗಳನ್ನೂ ಮಾಡಿದವರು ಆ ಕಾಲದಲ್ಲೇ ಇದ್ದರು. 2018ರಲ್ಲಿ ಬಂದ ಐರನ್‌ಸ್ವೋರ್ನ್ ಅಂತೂ ಒಬ್ಬರೇ ಆಡಲಿಕ್ಕೂ ಬರುವ ಹಾಗೆ ಮಾಡಿದ್ದು, ಅದರ ಪುಸ್ತಕ ಡಿಜಿಟಲ್ ರೂಪದಲ್ಲಿ ಪುಕ್ಕಟೆ. ಹಾಗಾದರೆ ಓದುವುದು ಎಲ್ಲಿ ಮುಗಿಯಿತು, ಆಡುವುದು ಎಲ್ಲಿ ಶುರುವಾಯಿತು? ಗೆರೆ ಎಳೆಯುವವರು ಎಲ್ಲಿ ಎಳೆಯುತ್ತಾರೆ?

ಗೆರೆ ಎಳೆಯುವವರ ಮನಸ್ಸೂ ನನಗೆ ಸ್ವಲ್ಪ ಅರ್ಥವಾಗುತ್ತದೆ. ಅಮೆರಿಕದಲ್ಲಿ 1980ರ ದಶಕದಲ್ಲಿ ಈ ಆಟ ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆ ಅಂತ ದೊಡ್ಡ ಗುಲ್ಲೆದ್ದಿತ್ತು, ಆಟದ ವಿರುದ್ಧ ಹೋರಾಡಲೆಂದೇ 1983ರಲ್ಲಿ ಒಂದು ಸಂಘಟನೆಯೂ ಹುಟ್ಟಿತ್ತು. ಆಗ ಬೈಸಿಕೊಂಡು ಆಡಿದವರಿಗೆ ಇದು ಕಷ್ಟಪಟ್ಟು ಕಾಪಾಡಿಕೊಂಡ ಜಾಗ. ನಮ್ಮಲ್ಲೂ ಅಷ್ಟೇ. "ಇಷ್ಟು ದೊಡ್ಡೋನಾಗಿ ಗೊಂಬೆ ಇಟ್ಕೊಂಡು ಕೂತಿದ್ದೀಯಾ" ಅಂತ ಮನೆಯಲ್ಲಿ ಅನ್ನಿಸಿಕೊಂಡು, ಪುಸ್ತಕದ ಜೆರಾಕ್ಸ್ ಮಾಡಿಸಿ, ನಾಲ್ಕು ಜನರನ್ನು ಹೇಗೋ ಕೂಡಿಸಿ ಆಡಿದವರಿಗೆ, ಇವತ್ತು ಫೋನಿನಲ್ಲಿ ನೋಡಿ ಬಂದವರು ಅಷ್ಟೇ ಹಕ್ಕಿನಿಂದ ಮಾತಾಡಿದರೆ ಒಳಗೆ ಚುಚ್ಚುತ್ತದೆ. ಆ ನೋವು ಸುಳ್ಳಲ್ಲ. ಆದರೆ ಹೊಸಬರು ಯಾರೂ ಅವರಿಂದ ಏನನ್ನೂ ಕಿತ್ತುಕೊಂಡಿಲ್ಲ. 2023ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸುವ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ, ಅದರ ನಿಯಮಗಳನ್ನು ಬೇರೆಯವರೂ ಬಳಸಲು ಬಿಟ್ಟಿದ್ದ ಹಳೆಯ ಮುಕ್ತ ಪರವಾನಗಿಯನ್ನು ಬದಲಿಸಲು ಹೊರಟಾಗ ಜಗತ್ತಿನ ಎಲ್ಲ ಕಡೆಯಿಂದ ಅಭಿಮಾನಿಗಳು ತಿರುಗಿ ಬಿದ್ದರು. ಕಂಪನಿ ಹಿಂದೆ ಸರಿಯಿತು, ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸುವ ಹಾಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಆ ದಿನಗಳಲ್ಲಿ ನಾನಿದ್ದ ಯಾವ ಗುಂಪಿನಲ್ಲೂ "ನೀವು ಆಡ್ತೀರಾ, ಓದ್ತೀರಾ" ಅಂತ ಯಾರೂ ಕೇಳಲಿಲ್ಲ. ದನಿ ಬೇಕಿತ್ತು, ಎಲ್ಲರ ದನಿಯೂ ನಡೆಯಿತು.

ಒಂದು ದೂರು ಮಾತ್ರ ನಿಜವಾದದ್ದು. ಮೇಜಿನ ಮುಂದೆ ಕೂರದೇ ಇರುವವರು ಕೆಲವೊಮ್ಮೆ ಮೇಜಿನ ಬಗ್ಗೆ ತೀರ್ಪು ಕೊಡುತ್ತಾರೆ. ಈ ಕ್ಲಾಸ್ (ಪಾತ್ರದ ಬಗೆ) ಕೆಲಸಕ್ಕೆ ಬಾರದ್ದು, ಈ ನಿಯಮ ಆಟ ಕೆಡಿಸುತ್ತದೆ, ಹೀಗೆ. ಕಾಗದದ ಲೆಕ್ಕ ಸರಿಯಿದ್ದರೂ ಐದು ಜನ ಕೂತಾಗ ನಡೆಯುವುದೇ ಬೇರೆ. ಯಾರೋ ನಗಿಸುತ್ತಾರೆ, ಯಾರೋ ಕೂಡಿಟ್ಟ ಮಂತ್ರವನ್ನು ಬಳಸುವುದೇ ಮರೆಯುತ್ತಾರೆ. ಅಲ್ಲಿ ಆಡಿದವರ ಮಾತಿಗೆ ತೂಕ ಜಾಸ್ತಿ, ಅದು ಇರಬೇಕಾದದ್ದೇ. ಹಾಗೇ ಒಂದು ಲೋಕದ ಇತಿಹಾಸ, ದೇವರು, ಊರು, ವಂಶಗಳ ಮಾತು ಬಂದಾಗ ಓದಿಕೊಂಡವರ ಮಾತಿಗೆ ತೂಕ. ಅದನ್ನು ಹಿಡಿದುಕೊಂಡು ಪಾಪ ಆಟ ಆಡಲು ಬಂದವರನ್ನು ಹಂಗಿಸುವ ಓದುಗರೂ ಇದ್ದಾರೆ, ಅದೂ ಅಷ್ಟೇ ಕೆಟ್ಟದ್ದು.

ನಾವು ಭಾನುವಾರ ಕುವೆಂಪುನಗರದ ಒಂದು ಮನೆಯ ಮಹಡಿಯಲ್ಲಿ ಆಡುತ್ತೇವೆ. ಅಲ್ಲಿಗೆ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ನೋಡಲು ಮಾತ್ರ ಬರುತ್ತಾನೆ, ಕಿಟಕಿ ಹತ್ತಿರ ಕೂರುತ್ತಾನೆ, ಯಾರ ಹೆಸರು ಏನು, ಕಮ್ಮಾರನಿಗೆ ಎಷ್ಟು ಬಾಕಿ ಎಲ್ಲ ಅವನಿಗೆ ನೆನಪು. ನಾವು ಮರೆತದ್ದನ್ನು ಅವನನ್ನೇ ಕೇಳುತ್ತೇವೆ.

ಗೆಳತಿಯ ನಾಲೆಯನ್ನು ನಾವು ಕೇಳಿ ಪಡೆದು ಆ ಮೇಜಿನಲ್ಲಿ ಆಡಿಸಿದೆವು. ಅವಳ ಪ್ರಶ್ನೆಗೆ ನಮ್ಮ ಡಂಜನ್ ಮಾಸ್ಟರ್ ಅಣ್ಣ ಕೊಟ್ಟ ಉತ್ತರ ಇದು: ಮಂತ್ರದಿಂದ ನೀರು ತೂಬು ದಾಟಲಿ, ಆದರೆ ದೈವಕ್ಕೆ ಸಿಗಬೇಕಾದ ನೆನಪು ಸಿಗದಿದ್ದರೆ ಅದು ಆ ನೀರು ಕುಡಿದವರಿಂದ ವಸೂಲಿ ಮಾಡಲಿ. ಅವಳಿಗೆ ಖುಷಿಯೋ ಖುಷಿ. ಮೇಜಿನ ಮುಂದೆ ಮಾತ್ರ ಯಾರೂ ಮಂತ್ರ ಹಾಕಲೇ ಇಲ್ಲ. ಎಲ್ಲರೂ ಮೇಲಿನ ಊರಿಗೆ ಹೋಗಿ ಪಂಚಾಯ್ತಿ ಕಟ್ಟೆಯಲ್ಲಿ ಕೂತು ಕತ್ತಲಾಗುವವರೆಗೂ ಚೌಕಾಸಿ ಮಾಡಿದರು. ನೆನಪು ಕೊಡುವ ನಿಯಮ ಓದಲು ಚೆನ್ನಾಗಿತ್ತು, ಆಡುವಾಗ ಪ್ರತಿ ಸಲ ಆಟ ನಿಂತುಹೋಗುತ್ತಿತ್ತು, ಯಾವ ನೆನಪು ಕೊಡಲಿ ಅಂತ ಯೋಚಿಸುತ್ತಾ ಎಲ್ಲರೂ ಸುಮ್ಮನೆ ಕೂತುಬಿಡುತ್ತಿದ್ದರು. ಅವಳಿಗೆ ಅದನ್ನು ಹೇಳಿದೆವು. ಹಾಗಾದರೆ ಆಟ ಶುರುವಾಗುವ ಮೊದಲೇ ಒಬ್ಬೊಬ್ಬರೂ ಐದು ನೆನಪು ಬರೆದು ಚೀಟಿ ಮಾಡಿ ಇಟ್ಟುಕೊಳ್ಳಲಿ, ಬೇಕಾದಾಗ ಒಂದು ಹರಿದು ಹಾಕಲಿ ಅಂದಳು. ಎಷ್ಟು ಸಲೀಸು! ಚೀಟಿ ಹರಿಯುವಾಗ ಒಬ್ಬರ ಕಣ್ಣಲ್ಲಿ ನೀರು ಬಂತು, ನಿಜವಾಗಿ.

ಅವಳು ಇನ್ನೂ ಆಡಿಲ್ಲ, ಆ ಕೆಂಪು ಪುಸ್ತಕ ಮುಗಿದು ಎರಡನೆಯದು ಶುರುವಾಗಿದೆ. ನೀರುಗಂಟಿಯ ಮಗಳ ಕಥೆ ಬರೆಯುತ್ತಿದ್ದಾಳೆ. ಅದು ತಯಾರಾದ ಮೇಲೆ ನಾವು ಮತ್ತೆ ಆ ನಾಲೆಗೆ ಹೋಗುತ್ತೇವೆ. ಮೈಸೂರು, ಮಂಡ್ಯ ಕಡೆಯವರು ಯಾರಾದರೂ ನೋಡಲು ಬರಬೇಕು ಅಂತಿದ್ದರೆ ಕೆಳಗೆ ಒಂದು ಸಾಲು ಬರೆದು ತಿಳಿಸಿ. ಏನು ಓದಿದ್ದೀರಿ, ಏನು ಇಷ್ಟ ಅಂತ ಬರೆದರೆ ಸಾಕು. ಸಂಜೆ ಆರಕ್ಕೆಲ್ಲ ಮುಗಿಸುತ್ತೇವೆ, ಮಂಡ್ಯ ಕಡೆಯವರನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುತ್ತೇವೆ. ಕನ್ನಡದಲ್ಲೇ ಆಡುತ್ತೇವೆ. ಕುರ್ಚಿ ಕಮ್ಮಿ ಬಿದ್ದರೆ ಚಾಪೆ ಇದೆ.